ಬಹುಮಾನಕ್ಕೆ ನಿಂತ ಕೆಳಮನೆ

ಮನೆ ರಿಪೇರಿ ಮಾಡುವವರಿಗೂ ಒಂದು ಪ್ರಶಸ್ತಿ ಸಮಾರಂಭ ಇರುತ್ತದೆ ಅಂದರೆ ನಗು ಬರುತ್ತದೆ, ನಿಜ. ಆದರೆ ಅಮೆರಿಕದ ಮಿಲ್ವಾಕಿಯಲ್ಲಿ ಅದು ವರ್ಷವರ್ಷವೂ ನಡೆಯುತ್ತದೆ. ಮಾರ್ಚ್ ತಿಂಗಳಲ್ಲಿ, ರಸ್ತೆ ಬದಿಯ ಹಿಮ ಇನ್ನೂ ಕಪ್ಪು ಗಡ್ಡೆಯಾಗಿ ಬಿದ್ದಿರುವಾಗಲೇ, ವರ್ಷವಿಡೀ ಮಂಡಿಯೂರಿ ಟೈಲ್ಸ್ ಹಾಕಿದವರು, ಗೋಡೆ ಒಡೆದವರು, ನಲ್ಲಿ ಕೂರಿಸಿದವರು ಎಲ್ಲ ಬಾಡಿಗೆ ಸೂಟು ತೊಟ್ಟು ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಬಂದು ಕೂರುತ್ತಾರೆ. ಹೆಂಡತಿಯರ ಮೈಮೇಲೆ ಮಿರಮಿರ ಮಿಂಚುವ ಬಟ್ಟೆ. ಕಂಟ್ರಾಕ್ಟರು ತನ್ನ ಮೇಜಿಗೆ ತಾನು ರಿಪೇರಿ ಮಾಡಿದ ಮನೆಯವರನ್ನೂ ಕರೆದಿರುತ್ತಾನೆ. ಗೆದ್ದರೆ ಅವರ ಜೊತೆ ಫೋಟೋ, ಸೋತರೆ ಅವರ ಜೊತೆ ಬರೀ ಊಟ.

ಲಿಯೋನಾ ಗಪಿನ್ಸ್ಕಿ ಆ ಸಂಜೆ ಅಲ್ಲಿಗೆ ಹೋದದ್ದು ಫೋಟೋಗಲ್ಲ, ಊಟಕ್ಕಂತೂ ಅಲ್ಲವೇ ಅಲ್ಲ. ಅವಳಿಗೆ ತನ್ನ ಅಕ್ಕ ವಾಪಸು ಬೇಕಾಗಿತ್ತು.

ಅಕ್ಕನ ಹೆಸರು ಫ್ಲೋರಿನ್. ಪೋಲೆಂಡಿನಿಂದ ಬಂದ ಅಜ್ಜಂದಿರು ಊರಿನ ದಕ್ಷಿಣದ ಬೀದಿಗಳಲ್ಲಿ ಮನೆ ಕಟ್ಟಿದ ರೀತಿಯೇ ಒಂದು ಥರ: ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಇದ್ದ ಮನೆಯನ್ನೇ ಜ್ಯಾಕ್ ಕೊಟ್ಟು ಎತ್ತಿ, ಅದರಡಿ ಇನ್ನೊಂದು ಮನೆ ತುರುಕುವುದು. ಕೆಳಮನೆ ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ. ಗಪಿನ್ಸ್ಕಿ ಮನೆಯಲ್ಲಿ ಮೇಲೆ ಲಿಯೋನಾ ಮತ್ತು ಅವಳ ಗಂಡ ಕ್ಲೆಮ್. ಕೆಳಗೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಫ್ಲೋರಿನ್. ಹೀಗೇ ಮೂವತ್ತು ವರ್ಷ ಕಳೆದಿತ್ತು. ಜಗಳವಾಡಲಿಲ್ಲ ಅಂತಲ್ಲ. ದಿನಾ ಆಡುತ್ತಿದ್ದರು, ಅದು ಹಲ್ಲುಜ್ಜಿದ ಹಾಗೆ.

ಆಮೇಲೆ ಒಂದು ಜನವರಿ. ಮುಂದಿನಿಂದ ಕೆಳಮನೆಗೆ ಇಳಿಯುವ ಮೆಟ್ಟಿಲ ಮೇಲೆ ಐಸು ಕಟ್ಟಿ ಫ್ಲೋರಿನ್ ಜಾರಿಬಿದ್ದಳು. ಮೊದಲೇ ಅವಳ ಮಂಡಿಗಳ ಕಥೆ ಮುಗಿದಿತ್ತು. ಓಡಿಬಂದ ಲಿಯೋನಾ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟಳು: "ಇದು ನಿನ್ನಂಥೋರು ಇರೋ ಮನೆಯಲ್ಲ ಕಣೇ! ಲಿಫ್ಟ್ ಇರೋ ಕಡೆ ಎಲ್ಲಾದ್ರೂ ನೋಡ್ಕೋ!" ಹೇಳಿದವಳು ಹೆದರಿ ಹೇಳಿದ್ದು. ಕೇಳಿದವಳಿಗೆ ಕೇಳಿಸಿದ್ದು 'ನನ್ನ ಮನೆ ಬಿಟ್ಟು ತೊಲಗು' ಅಂತ. ಅಮ್ಮ ಹೋಗುವಾಗ ಮನೆಯನ್ನು ಕಿರಿಯವಳ ಹೆಸರಿಗೆ ಮಾಡಿದ್ದಳಲ್ಲ, ಆ ಮುಳ್ಳು ಮೊದಲೇ ಒಳಗಿತ್ತು. ಫ್ಲೋರಿನ್ ಗಂಟುಮೂಟೆ ಕಟ್ಟಿದಳು. ಪಕ್ಕದ ವೆಸ್ಟ್ ಆಲಿಸ್‌ನಲ್ಲಿ ನೆಲಮಟ್ಟದ ಒಂದು ಅಪಾರ್ಟ್‌ಮೆಂಟ್ ಹಿಡಿದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಐದು ವರ್ಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಬೇರೆಯವರ ಸಾವು, ಮದುವೆಗಳಲ್ಲಿ ಮಾತ್ರ. ಮಾತೇನಿದ್ದರೂ ಕ್ಲೆಮ್‌ನ ಮೂಲಕ. ಪಾಪ, ಅವನು ಅಂಚೆಯವನಾಗಿ ನಿವೃತ್ತನಾದವನು, ಮನೆಯಲ್ಲೂ ಅದೇ ಕೆಲಸ ಮುಂದುವರಿಯಿತು.

ಲಿಯೋನಾ ಕೆಳಮನೆಗೆ ಬಾಡಿಗೆಯವರನ್ನು ಹಾಕಲಿಲ್ಲ. ಭಾನುವಾರ ಬೆಳಗ್ಗೆ ನೆಲದಡಿಯಿಂದ ರೇಡಿಯೋದ ಪೋಲ್ಕಾ ಕುಣಿತದ ಹಾಡು ಕೇಳಿಸುತ್ತಿರಲಿಲ್ಲ. ಪೈಪಿನ ಸಂದಿಯಿಂದ ಈರುಳ್ಳಿ ಹುರಿದ ವಾಸನೆ ಮೇಲೆ ಬರುತ್ತಿರಲಿಲ್ಲ. ತನ್ನ ಮನೆಯೇ ತನಗೆ ಕೆಳಗೆ ಏನೂ ಇಲ್ಲದೆ ತೂಗುಬಿದ್ದಿದೆ ಅನಿಸುತ್ತಿತ್ತು. ಒಂದು ಒಳ್ಳೆ ಸುದ್ದಿ ಬಂದರೆ ಹಳೇ ಅಭ್ಯಾಸದಂತೆ ಅಕ್ಕನನ್ನು ಕರೆಯಲೆಂದು ನೆಲಕ್ಕೆ ಹಿಮ್ಮಡಿ ಕುಟ್ಟಲು ಕಾಲೆತ್ತುವಳು, ಆಮೇಲೆ ನೆನಪಾಗಿ ಮೆತ್ತಗೆ ಇಳಿಸುವಳು.

ಕೊನೆಗೆ ಅವಳಿಗೆ ಹೊಳೆದ ಉಪಾಯವೆಂದರೆ ಕೆಳಮನೆಯನ್ನೇ ಒಡೆದು ಕಟ್ಟಿಸುವುದು.

"ಫೋನ್ ಮಾಡಿ 'ಬಾರೇ' ಅಂದ್ರೆ ಮುಗೀತಲ್ಲ! ಅದಕ್ಕೆ ಬಾತ್‌ರೂಮ್ ಯಾಕೆ ಕಟ್ಟಬೇಕು?" ಅಂದ ಕ್ಲೆಮ್.

"ಕರೆದ್ರೆ ಏನಂತಾಳೆ ಗೊತ್ತಾ? 'ಅದು ನನ್ನಂಥೋರು ಇರೋ ಮನೆಯಲ್ಲ' ಅಂತ ನನ್ನ ಮಾತನ್ನೇ ನನ್ನ ಮುಖಕ್ಕೆ ಎಸೀತಾಳೆ. ಮನೆ ಅವಳಿಗೇ ಅಂತ ಆಗ್ಬಿಡ್ಲಿ. ಆಮೇಲೆ ಏನಂತಾಳೋ ನೋಡ್ತೀನಿ."

"ನೀವಿಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ್ದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ ಬಿಡು," ಅಂತ ಕ್ಲೆಮ್ ಪೇಪರ್ ಎತ್ತಿಕೊಂಡ.

ವೆಂಡೆಲ್ ಕ್ರಾಮರ್ ಎಂಬ ಕಂಟ್ರಾಕ್ಟರು ಒಂದು ಬೇಸಗೆ, ಒಂದು ಚಳಿಗಾಲ ಅಲ್ಲೇ ಠಿಕಾಣಿ ಹೂಡಿದ. ಮುಂದಿನ ಅಂಗಳವನ್ನು ಅಗೆದು, ಮೆಟ್ಟಿಲೇ ಇಲ್ಲದ ಇಳಿಜಾರು ದಾರಿ ಮಾಡಿದ. ಅಗಲವಾದ ಹೊಸ ಮುಂಬಾಗಿಲು ಬಂತು, ಚೆರ್ರಿ ಮರದ್ದು. ಹೊಸ್ತಿಲಿಲ್ಲದ ಸ್ನಾನದ ಮನೆ, ಕೂತು ಮೀಯಲು ಕಲ್ಲಿನ ಜಗಲಿ, ಗೋಡೆಗೆ ಹಿಡಿಕೆಗಳು. ಆ ಹಿಡಿಕೆಗಳ ಎತ್ತರ ಎಷ್ಟಿರಬೇಕು ಅಂತ ವೆಂಡೆಲ್ ಕೇಳಿದಾಗ ಲಿಯೋನಾ ತನ್ನ ಭುಜ ತೋರಿಸಿ, "ನನಗಿಂತ ಒಂದು ಗೇಣು ಕುಳ್ಳಿ ಅವಳು," ಅಂದಿದ್ದಳು. ವೆಂಡೆಲ್‌ಗೆ ಕೆಲಸದ ಮೇಲೆ ಹೆಮ್ಮೆ ಬಂದು, ಹಿರಿಯರ ಅನುಕೂಲದ ಮನೆಗಳ ವಿಭಾಗದಲ್ಲಿ ಅದನ್ನು ಸ್ಪರ್ಧೆಗೆ ಕಳಿಸಿದ. ಅದು ಕೊನೆಯ ಸುತ್ತಿಗೂ ಬಂತು. ಆಗ ಲಿಯೋನಾ ತಲೆಯಲ್ಲಿ ದೀಪ ಹೊತ್ತಿಕೊಂಡಿತು: ಫ್ಲೋರಿನ್ ಇದನ್ನು ದೊಡ್ಡ ಪರದೆಯ ಮೇಲೆ, ಸಂಗೀತದ ಜೊತೆ, ಎಲ್ಲರೂ ಚಪ್ಪಾಳೆ ತಟ್ಟುವಾಗ ನೋಡಬೇಕು. ಕಲ್ಲೂ ಕರಗುತ್ತದೆ, ಅವಳು ಕರಗಳೇ?

ಕ್ಲೆಮ್ ಹೋಗಿ ಅಕ್ಕನನ್ನು ಕರೆದುತಂದ. ನೀಲಿ ಕೋಟು ತೊಟ್ಟು, ಕೋಲೂರಿಕೊಂಡು, ಫ್ಲೋರಿನ್ ಮೇಜುಗಳ ನಡುವೆ ನಡೆದುಬರುವುದನ್ನು ಕಂಡು ಲಿಯೋನಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಎಷ್ಟು ಸಣ್ಣಗಾಗಿದ್ದಾಳೆ! ಎದ್ದು ನಿಂತಳು. ತಬ್ಬಿಕೊಳ್ಳಬೇಕೋ ಬೇಡವೋ ತಿಳಿಯದೆ ಕುರ್ಚಿ ಎಳೆದುಕೊಟ್ಟಳು.

"ದಪ್ಪಗಾಗಿದೀಯ," ಅಂದಳು ಫ್ಲೋರಿನ್.

"ನೀನು ಸೊರಗಿದೀಯ."

"ಸರಿ ಹೋಯ್ತು. ನಾನು ಬಿಟ್ಟದ್ದನ್ನ ನೀನು ಹಿಡ್ಕೊಂಡೆ."

ಐದು ವರ್ಷದ ಮೇಲೆ ಇದು ಅವರ ಮೊದಲ ಮಾತು. ಲಿಯೋನಾಗೆ ಎಷ್ಟು ಸಂತೋಷವಾಯಿತೆಂದರೆ ಬ್ರೆಡ್ಡಿನ ಬುಟ್ಟಿಯನ್ನು ಸುಮ್ಮನೆ ಎರಡು ಸಲ ಅಕ್ಕನ ಮುಂದೆ ಸರಿಸಿದಳು.

ಅಡ್ಡಿಯಾದದ್ದು ಊಟ. ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರ ಅದು. ಮಾಂಸ ಮುಟ್ಟುವ ಹಾಗಿಲ್ಲ. ಸಮಾರಂಭ ನಡೆಸುವ ಸಂಘದವರಿಗೆ ಅದೆಲ್ಲ ಎಲ್ಲಿ ನೆನಪಿರಬೇಕು? ತಟ್ಟೆ ತುಂಬ ದನದ ಮಾಂಸ, ಮೇಲೆ ಕಂದು ರಸ. ಕ್ಲೆಮ್ ಚಾಕು ಎತ್ತಿದ್ದೇ ತಡ, ಫ್ಲೋರಿನ್ ಕೆಮ್ಮಿದಳು.

"ಕ್ಲೆಮ್. ಇವತ್ತು ಏನು ವಾರ?"

"ಗುರುವಾರ," ಅಂದ ಕ್ಲೆಮ್ ಕಣ್ಣು ಮಿಟುಕಿಸದೆ.

"ನರಕದಲ್ಲಿ ನಿನಗೆ ಇದನ್ನೇ ಬಡಿಸ್ತಾರೆ ನೋಡು, ಉಪ್ಪು ಹಾಕದೆ."

ಮೇಜಿನವರೆಲ್ಲ ನಕ್ಕರು. ವೆಂಡೆಲ್ ಅಡುಗೆಯವರನ್ನು ಕರೆದು ಮೀನು ಕೇಳಿದ. ಮೀನಿಲ್ಲ, ಆಲೂಗಡ್ಡೆ ಇದೆ ಅಂದರು. ಅಕ್ಕ ತಂಗಿ ಇಬ್ಬರೂ ಆಲೂಗಡ್ಡೆ, ಬೀನ್ಸ್ ತಿಂದು ಬ್ರಾಂಡಿ ಕುಡಿದರು. ಲಿಯೋನಾಗೆ ಹೊಟ್ಟೆ ತುಂಬಿತು. ಇನ್ನೇನು ಎಲ್ಲ ಸರಿಹೋಯಿತು ಅನಿಸಿತು.

ದೀಪಗಳು ಮಂಕಾದವು. ನಿರೂಪಣೆಗೆ ಬಂದವನು ಯಾವುದೋ ರೇಡಿಯೋದ ಮಾತಿನಮಲ್ಲ. ಒಂದೊಂದು ಮನೆಗೂ ಮೊದಲು 'ಮುಂಚೆ' ಫೋಟೋ, ಆಮೇಲೆ 'ನಂತರ' ಫೋಟೋ. ಈ ಸಮಾರಂಭದ ರೂಢಿಯೇ ಅದು. ಮುಂಚಿನದು ಬಂದಾಗ ಸಭೆಯೆಲ್ಲ "ಅಯ್ಯಯ್ಯೋ" ಅನ್ನಬೇಕು, ನಂತರದ್ದು ಬಂದಾಗ "ಆಹಾ" ಅನ್ನಬೇಕು. ಮುಂಚಿನದು ಎಷ್ಟು ಕೆಟ್ಟದಾಗಿ ಕಂಡರೆ ಅಷ್ಟು ಒಳ್ಳೆಯದು. ಅದಕ್ಕೇ ಫೋಟೋ ತೆಗೆಯುವವರು ಬೇಕೆಂದೇ ದೀಪ ಆರಿಸಿ ತೆಗೆದಿರುತ್ತಾರೆ.

ಇದನ್ನು ಲಿಯೋನಾ ಯೋಚಿಸಿಯೇ ಇರಲಿಲ್ಲ. ಪರದೆಯ ಮೇಲೆ ಫ್ಲೋರಿನ್‌ಳ ಹಳೆಯ ಅಡುಗೆಮನೆ ಧುತ್ತೆಂದು ಬಂದು ನಿಂತಿತು. ಕತ್ತಲೆ ಕತ್ತಲೆ, ಸಿಂಕಿನ ಮೇಲೆ ತೇವದ ಕಲೆ, ಗೋಡೆ ತುಂಬ ಕೋಳಿ ಚಿತ್ರದ ಕಾಗದ. ಒಂದು ಬೇಸಗೆಯಲ್ಲಿ ಆ ಕಾಗದ ಅಂಟಿಸಿದ್ದು ಅಕ್ಕ ತಂಗಿಯರೇ, ಅಂಟು ಮೈಗೆಲ್ಲ ಬಳಿದುಕೊಂಡು, ನಕ್ಕು ನಕ್ಕು ಸಾಕಾಗಿ. ಸಭೆ "ಅಯ್ಯಯ್ಯೋ" ಎಂದಿತು.

"ಇಷ್ಟು ಕೋಳಿ ಸಾಕೋಕೆ ಲೈಸೆನ್ಸ್ ಇತ್ತಾ ಇವರಿಗೆ?" ಅಂದ ನಿರೂಪಕ. ಸಭೆಯೆಲ್ಲ ಗೊಳ್ಳೆಂದಿತು.

ಲಿಯೋನಾಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಕ್ಕನ ಕಡೆ ತಿರುಗುವ ಧೈರ್ಯ ಬರಲಿಲ್ಲ.

"ನಗಲಿ ಬಿಡು," ಅಂದಳು ಫ್ಲೋರಿನ್, ಗಲ್ಲ ಮೇಲೆತ್ತಿ. "ಅವು ಕೋಳಿಯಲ್ಲ, ಹುಂಜ ಅನ್ನೋದೂ ಆ ಬೆಪ್ಪನಿಗೆ ಗೊತ್ತಿಲ್ಲ."

ಅಷ್ಟರಲ್ಲಿ 'ನಂತರ' ಬಂತು. ಬೆಳಕು ಹರಿದ ಕೋಣೆ, ಹಾಲುಬಣ್ಣದ ಗೋಡೆ, ಎತ್ತರ ತಗ್ಗಿಸಿದ ಅಡುಗೆ ಕಟ್ಟೆ. ಅದರ ಮೇಲೆ ಫೋಟೋದವರು ತಂದಿಟ್ಟ ಒಂದು ಬೋಗುಣಿ ನಿಂಬೆಹಣ್ಣು. ಇಳಿಜಾರು ದಾರಿ. ಚೆರ್ರಿ ಬಾಗಿಲು. ಸ್ನಾನದ ಮನೆ. ಈಗ ಲಿಯೋನಾ ಪರದೆ ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡಿದಳು. ಫ್ಲೋರಿನ್ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದ್ದಳು. ಹಿಡಿಕೆಗಳ ಫೋಟೋ ಬಂದಾಗ ಅವಳ ಕೈ ತಾನಾಗಿ ಮೇಜಿನಿಂದ ಎದ್ದು, ಗಾಳಿಯಲ್ಲಿ ಅದೇ ಎತ್ತರಕ್ಕೆ ನಿಂತಿತು. ಸರಿಯಾಗಿ ಅದೇ ಎತ್ತರಕ್ಕೆ.

"ಅಷ್ಟೊಂದು ನಿಂಬೆಹಣ್ಣು ಯಾರಿಗೆ?" ಅಂದಳು ಮೆಲ್ಲಗೆ. ದನಿ ಒದ್ದೆಯಾಗಿತ್ತು.

"ನಿನಗೇ ಕಣೇ," ಅಂದಳು ಲಿಯೋನಾ. "ನಿಂಬೆಹಣ್ಣಲ್ಲ, ಎಲ್ಲಾನೂ. ಅಷ್ಟೂ ನಿನಗೆ ಅಂತಾನೇ."

ಪರದೆಯ ಮೇಲೆ ಸ್ನಾನದ ಮನೆ ಇನ್ನೊಂದು ಸಲ ಬಂತು. ಫ್ಲೋರಿನ್ ಬೆರಳು ತೋರಿಸಿದಳು.

"ಅದು ನಿನ್ನ ಮನೆಗೆ ಹತ್ತೋ ಹಿಂದಿನ ಮೆಟ್ಟಿಲಿದ್ದ ಜಾಗ ಅಲ್ವೇನೇ?"

"ಹೂಂ. ಅದನ್ನ ತೆಗೆದೇ ಇಷ್ಟು ಅಗಲ ಸಿಕ್ಕಿದ್ದು."

"ಹಿಂಬಾಗಿಲು ಎಲ್ಲಿ ಹಾಗಾದ್ರೆ?"

ಕೆಲಸದ ನಡುವೆ ವೆಂಡೆಲ್ ಕೇಳಿದ್ದ, ಹಿಂಬಾಗಿಲು ಹೋಗುತ್ತೆ, ಪರವಾಗಿಲ್ಲವಾ ಅಂತ. ಅವಳ ಮಂಡಿಗೆ ಆ ಕಡಿದಾದ ಮೆಟ್ಟಿಲು ಹೇಗೂ ಆಗಲ್ಲ, ತೆಗೀರಿ ಅಂದಿದ್ದವಳು ಲಿಯೋನಾಳೇ.

"ಹಿಂಬಾಗಿಲು ಇಲ್ಲ," ಅಂದಳು.

"ಅಂದ್ರೆ ನಾನು ಮುಂಬಾಗಿಲಿಂದ ಬರಬೇಕು."

"ಚೆರ್ರಿ ಮರದ್ದು ಕಣೇ ಅದು..."

"ಲೀ," ಅಂದಳು ಫ್ಲೋರಿನ್. ಆ ಮುದ್ದಿನ ಹೆಸರನ್ನು ಐದು ವರ್ಷದಿಂದ ಯಾರೂ ಕರೆದಿರಲಿಲ್ಲ. "ನಮ್ಮಮ್ಮನ ಮನೆಗೆ ಮುಂಬಾಗಿಲಿಂದ ಯಾರು ಬರ್ತಿದ್ರು ಹೇಳು ನೋಡೋಣ. ಪಾದ್ರಿ. ವಿಮೆಯವನು. ಅಪ್ಪನ್ನ ಹೊತ್ಕೊಂಡು ಹೋದೋರು. ನಮ್ಮೋರು ಅನ್ನೋರು ಯಾರಾದ್ರೂ ಒಂದು ದಿನ ಆ ಗಂಟೆ ಒತ್ತಿದ್ದುಂಟಾ?"

ಇಲ್ಲ. ಆ ಬೀದಿಯಲ್ಲೇ ಇಲ್ಲ. ತಮ್ಮವರಾದವರು ಹಿಂದಿನಿಂದ ಬರುವುದು, ಬಾಗಿಲು ಬಡಿಯದೆ, ಬೂಟು ಬಿಚ್ಚುತ್ತಲೇ ಅರ್ಧ ಮಾತು ಆಡಿ ಮುಗಿಸಿರುವುದು. ದಿನಾ ಬೆಳಗ್ಗೆ ಫ್ಲೋರಿನ್ ಮನೆಯುಡುಗೆಯಲ್ಲೇ ಕಾಫಿ ಲೋಟ ಹಿಡಿದು ಆ ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದಳು. "ಎದ್ದೆಯೇನೇ ಸೋಮಾರಿ?" ಅನ್ನುವುದು ಬಾಗಿಲಿಗಿಂತ ಮೊದಲು ಒಳಗೆ ಬರುತ್ತಿತ್ತು. ಅಕ್ಕನ ಮಂಡಿ, ಅಕ್ಕನ ಭುಜ, ಅಕ್ಕನ ಸ್ನಾನ ಎಲ್ಲ ಲೆಕ್ಕಕ್ಕೆ ಬಂದಿದ್ದವು. ಅಕ್ಕ ಬರುವ ದಾರಿಯನ್ನೇ ತಾನು ನಿಂತು ಒಡೆಸಿ ಹಾಕಿದ್ದಳು.

"ವೆಂಡೆಲ್," ಅಂತ ಲಿಯೋನಾ ಮೇಜಿನಾಚೆ ಬಾಗಿದಳು. "ಆ ಹಿಂಬಾಗಿಲು ಮತ್ತೆ ಇಡೋಕಾಗುತ್ತಾ?"

ವೆಂಡೆಲ್‌ನ ಕಣ್ಣು ವೇದಿಕೆಯ ಮೇಲಿತ್ತು. "ಆಗುತ್ತೆ. ಸ್ನಾನದ ಮನೆ ಒಡೀಬೇಕು ಅಷ್ಟೆ. ಯಾಕೆ, ತಮಾಷೆ ಮಾಡ್ತಿದೀರಾ?"

ಅದೇ ಗಳಿಗೆಗೆ ನಿರೂಪಕ ಲಕೋಟೆ ಹರಿದು ಕ್ರಾಮರ್ ಹೆಸರು ಕೂಗಿದ. ವೆಂಡೆಲ್ "ಹೋ!" ಅಂತ ಕಿರುಚಿ, ಹೆಂಡತಿಯನ್ನು ಬಿಟ್ಟು ಕ್ಲೆಮ್‌ನನ್ನು ತಬ್ಬಿದ. ಲಿಯೋನಾಳ ಕೈ ಹಿಡಿದು ಎಳೆದುಕೊಂಡೇ ಹೋದ. ವೇದಿಕೆಯ ಬೆಳಕು ಕಣ್ಣಿಗೆ ಬಡಿಯಿತು. ಗಾಜಿನ ಫಲಕದ ಒಂದು ತುದಿ ಅವಳ ಕೈಗೆ ಕೊಟ್ಟರು. "ನಗ್ರಿ ಮೇಡಂ, ಗೆದ್ದಿದೀರ!" ಅಂದ ಫೋಟೋದವನು. ನಕ್ಕಳು. ನಿರೂಪಕ ಮೈಕು ಮುಂದೆ ಹಿಡಿದು, "ಈಗ ಈ ಚಂದದ ಮನೇಲಿ ಯಾರಿದಾರೆ?" ಅಂತ ಕೇಳಿದ.

ಅಷ್ಟು ಜನರ ಎದುರು ಲಿಯೋನಾಗೆ ಸುಳ್ಳು ಹೇಳಲು ಬರಲಿಲ್ಲ. "ಯಾರೂ ಇಲ್ಲ," ಅಂದಳು.

ಸಭೆ ಅದನ್ನೂ ತಮಾಷೆ ಅಂದುಕೊಂಡು ನಕ್ಕಿತು. ಫ್ಲೋರಿನ್ ಒಬ್ಬಳು ನಗಲಿಲ್ಲ.

ಇಳಿದುಬಂದು ಲಿಯೋನಾ ಫಲಕವನ್ನು ಆಲೂಗಡ್ಡೆ ತಟ್ಟೆಯ ಪಕ್ಕ ಇಟ್ಟಳು. ಕೂರಲಿಲ್ಲ. "ಒಡೆಸ್ತೀನಿ," ಅಂದಳು. "ಸೋಮವಾರನೇ ಒಡೆಸ್ತೀನಿ. ಬಹುಮಾನ ಬಂದಿದ್ರೆ ಬಂದಿರ್ಲಿ, ಅದನ್ನ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ? ಬಂದ್ಬಿಡು ಅಕ್ಕ. ನನಗೆ ನೀನಿಲ್ದೆ ಆಗ್ತಿಲ್ಲ. ಅವತ್ತು ನಾನು ಹೆದರಿದ್ದೆ ಕಣೇ, ನೀನು ಸತ್ತೇಹೋದೆ ಅಂತ ಹೆದರಿ ಹಾಗಂದೆ. ಬಾ."

ಐದು ವರ್ಷ, ಒಂದು ಬೇಸಗೆ, ಒಂದು ಚಳಿಗಾಲ, ಇಷ್ಟೆಲ್ಲ ಸುತ್ತಿ ಬಂದದ್ದು ಈ ಒಂದು ಮಾತಿಗೆ. ಮೊದಲೇ ಅಂದಿದ್ದರೆ ಫೋನಿನಲ್ಲಿ ಮುಗಿಯುತ್ತಿತ್ತು. ಕ್ಲೆಮ್ ಕತ್ತು ಬಗ್ಗಿಸಿಕೊಂಡು ಕೂತ. ಪುಣ್ಯಾತ್ಮ, 'ನಾನು ಹೇಳಿರಲಿಲ್ವಾ' ಅನ್ನಲಿಲ್ಲ.

ಫ್ಲೋರಿನ್ ತಂಗಿಯ ತೋಳು ಹಿಡಿದು ಕೂರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಈ ಮಾತಿಗೆ ಎರಡು ವರ್ಷ ಕಾದೆ ಕಣೇ ನಾನು, ಆಮೇಲೆ ಬಿಟ್ಟೆ. ಫೋನ್ ಹೊಡ್ಕೊಂಡಾಗೆಲ್ಲ ನೀನೇ ಅಂತ ಓಡ್ತಿದ್ದೆ, ಈ ಮಂಡಿ ಕಟ್ಕೊಂಡು. ನೀನಾಗಿರ್ತಿರ್ಲಿಲ್ಲ."

"ಈಗ ನಾನೇ."

"ಹೂಂ. ಈಗ ನೀನೇ." ಫ್ಲೋರಿನ್ ಬ್ರಾಂಡಿ ಲೋಟವನ್ನು ಸುಮ್ಮನೆ ತಿರುಗಿಸಿದಳು. "ಪಕ್ಕದ ಮನೇಲಿ ಒಫೀಲಿಯಾ ಅಂತಿದಾಳೆ. ಮೆಕ್ಸಿಕೋದವಳು. ಗಂಡ ತೀರ್ಕೊಂಡ, ಮಕ್ಕಳು ಟೆಕ್ಸಸ್‌ನಲ್ಲಿ. ಬೆಳಗಾದ್ರೆ ಹಿಂದಿನಿಂದ ಬರ್ತಾಳೆ, ಕಾಫಿ ಕುಡೀತಾಳೆ, ನನ್ನ ಸಾಕ್ಸ್ ಹಾಕಿಕೊಡ್ತಾಳೆ, ಬೈದು ಹೋಗ್ತಾಳೆ. ನಾನು ಹೊರಟ್ರೆ ಅವಳು ಯಾರ ಮನೆಗೆ ಹೋಗ್ಬೇಕು?"

ಲಿಯೋನಾಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರೋ ಒಬ್ಬಳು ತನ್ನ ಅಕ್ಕನ ಸಾಕ್ಸ್ ಹಾಕುತ್ತಾಳೆ, ತನ್ನ ಅಕ್ಕನಿಗೆ ಬೈಯುತ್ತಾಳೆ! ಆಮೇಲೆ, ನಿಧಾನವಾಗಿ, ತಡವಾಗಿಹೋಯಿತು ಅನ್ನುವುದು ಎದೆಗೆ ಇಳಿಯಿತು. ಯಾರೂ ಅವಳ ಅಕ್ಕನನ್ನು ಕಿತ್ತುಕೊಂಡಿರಲಿಲ್ಲ. ತಾನು ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿದ್ದಳು, ಅಷ್ಟೆ.

"ಹಾಗಾದ್ರೆ ಬರಲ್ಲ," ಅಂದಳು.

"ಇಲ್ಲ ಕಣೇ. ಬರಲ್ಲ." ಫ್ಲೋರಿನ್ ಕೇಕಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅರ್ಧ ಮುರಿದು ತಂಗಿಯ ತಟ್ಟೆಗೆ ಹಾಕಿದಳು. "ನಾಳೆ ಶನಿವಾರ. ಬೆಳಗ್ಗೆ ಕಾಫಿ ಇರುತ್ತೆ. ಬರೋ ಹಾಗಿದ್ರೆ ಬಾ."

ಮರುದಿನ ಬೆಳಗ್ಗೆ ಬಿಸಿಲಿತ್ತು. ಚಾವಣಿಗಳಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಕ್ಲೆಮ್ ಕರೆದುಕೊಂಡು ಹೋಗುತ್ತೇನೆ ಅಂದರೂ ಕೇಳದೆ ಲಿಯೋನಾ ಬಸ್ಸಿನಲ್ಲಿ ಹೊರಟಳು. ಬೇಕರಿಯಲ್ಲಿ ಇಳಿದು ಗಸಗಸೆ ಹೂರಣದ ಸುರುಳಿ ಬ್ರೆಡ್ ಕಟ್ಟಿಸಿಕೊಂಡಳು. ಅಂಗಡಿಯವಳು ಎಷ್ಟು ಜನಕ್ಕೆ ಅಂತ ಕೇಳಿದ್ದಕ್ಕೆ, ಒಂದು ಕ್ಷಣ ತಡೆದು, ಮೂವರಿಗೆ ಅಂದಳು.

ಅಪಾರ್ಟ್‌ಮೆಂಟಿನ ಮುಂಭಾಗವನ್ನು ದಾಟಿ, ಕಾರು ನಿಲ್ಲಿಸುವ ಅಂಗಳದ ಕಡೆಯಿಂದ ಹಿಂದಕ್ಕೆ ನಡೆದಳು. ಸಾಲಾಗಿ ನಾಲ್ಕಾರು ಬಾಗಿಲು. ಅಕ್ಕನದು ಯಾವುದು ಅಂತ ಕೇಳಬೇಕಾಗಲಿಲ್ಲ. ಒಂದರ ಹಿಂದೆ ರೇಡಿಯೋದಲ್ಲಿ ಪೋಲ್ಕಾ ಓಡುತ್ತಿತ್ತು, ಈರುಳ್ಳಿ ಹುರಿಯುವ ವಾಸನೆ ಹೊರಗಿನವರೆಗೂ ಬಂದಿತ್ತು. ಒಳಗೆ ಇಬ್ಬರು ಹೆಂಗಸರು ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರು ಇನ್ನೊಬ್ಬರ ಮಾತು ಕೇಳಿಸಿಕೊಳ್ಳದೆ. ಆ ದನಿಗಳಲ್ಲಿ ಒಂದು ಅಕ್ಕನದು. ಲಿಯೋನಾ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತಳು, ಕೂದಲು ಸರಿಮಾಡಿಕೊಂಡಳು, ಆಮೇಲೆ ಮೆಲ್ಲಗೆ ಎರಡು ಸಲ ಬಾಗಿಲು ಬಡಿದಳು.

ಒಳಗೆ ಮಾತು ನಿಂತಿತು. ರೇಡಿಯೋ ಸಣ್ಣಗಾಯಿತು.

"ಯಾರಿದು?" ಒಫೀಲಿಯಾಳ ದನಿ ಇರಬೇಕು. "ಈ ಬಾಗಿಲು ಬಡಿಯೋರು ಯಾರೂ ಇಲ್ವಲ್ಲ ನಮ್ಮಲ್ಲಿ!"

ಲಿಯೋನಾಳ ಕೈ ಇನ್ನೂ ಬಾಗಿಲ ಮೇಲೆಯೇ ಇತ್ತು.

"ನಾನು," ಅಂದಳು. ಇನ್ನೊಮ್ಮೆ, ಗಟ್ಟಿಯಾಗಿ ಅಂದಳು, "ನಾನು ಕಣೇ, ಲೀ."

ಕೋಲಿನ ಸದ್ದು ಅಡುಗೆಮನೆಯ ನೆಲದ ಮೇಲೆ ಎರಡು ಹೆಜ್ಜೆ ಬಂದು ನಿಂತಿತು. ಬಾಗಿಲು ಮಾತ್ರ ಯಾರೂ ತೆಗೆಯಲಿಲ್ಲ.

"ನೀನಾದ್ರೆ," ಅಂದಳು ಫ್ಲೋರಿನ್ ಒಳಗಿನಿಂದ, "ಬಡಿದದ್ದು ಯಾಕೆ?"

ಲಿಯೋನಾ ಪೊಟ್ಟಣವನ್ನು ಎಡಗೈಗೆ ಬದಲಾಯಿಸಿಕೊಂಡು ಬಾಗಿಲಿನ ಹಿಡಿ ತಿರುಗಿಸಿದಳು.